ತಪ್ಪು ತೀರ್ಪಿನಿಂದ ಜೈಲುವಾಸ ಅನುಭವಿಸಿದವರು ನ್ಯಾಯ ಮತ್ತು ಪರಿಹಾರ ಪಡೆಯುವ ಬಗೆ

ಮಾಡದ ಅಪರಾಧಕ್ಕೆ ಶಿಕ್ಷೆಗೊಳಗಾಗಿ, ವರ್ಷಗಟ್ಟಲೆ ಜೈಲಿನಲ್ಲಿ ಕಳೆದು, ಕೊನೆಗೆ ಮೇಲಿನ ನ್ಯಾಯಾಲಯದಲ್ಲಿ ಖುಲಾಸೆಯಾದ ವ್ಯಕ್ತಿಗೆ ಸರ್ಕಾರ ತಾನಾಗಿಯೇ ಪರಿಹಾರ ಕೊಡಬೇಕೆಂದು ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ಭಾರತ 1979ರಲ್ಲಿ ಒಪ್ಪಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿಯ 6ನೇ ಖಂಡವು ಇಂಥವರಿಗೆ ಕಾನೂನುಬದ್ಧವಾಗಿ ಪರಿಹಾರ ಸಲ್ಲಬೇಕೆಂದು ಹೇಳುತ್ತದೆ. ದೆಹಲಿ ಹೈಕೋರ್ಟ್ 2017ರಲ್ಲಿ ಕೇಳಿಕೊಂಡ ಮೇಲೆ ಕಾನೂನು ಆಯೋಗವು ಈ ವಿಷಯವನ್ನು ಕೈಗೆತ್ತಿಕೊಂಡು, 2018ರ ಆಗಸ್ಟ್‌ನಲ್ಲಿ ಸಲ್ಲಿಸಿದ ತನ್ನ 277ನೇ ವರದಿಯಲ್ಲಿ ಪರಿಹಾರಕ್ಕಾಗಿಯೇ ವಿಶೇಷ ನ್ಯಾಯಾಲಯಗಳು ಇರಬೇಕೆಂದು ಶಿಫಾರಸು ಮಾಡಿ, ಕಾಯ್ದೆ ತಿದ್ದುಪಡಿಯ ಕರಡನ್ನೂ ಕೊಟ್ಟಿತು. ಆ ಕರಡು ಕಾನೂನಾಗಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ (ಕ್ರಿಮಿನಲ್ ಪ್ರಕರಣಗಳ ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಹೊಸ ಕಾನೂನು) ಅದನ್ನು ಒಳಗೊಳ್ಳಲಿಲ್ಲ.

ಆದುದರಿಂದ ಇಲ್ಲಿ ಪರಿಹಾರವೆಂಬುದು ಕೇಳಿ, ವಾದಿಸಿ, ದಾಖಲೆಗಳಿಂದ ಸಾಬೀತುಪಡಿಸಿ ಪಡೆಯಬೇಕಾದದ್ದು. ಈ ಲೇಖನದಲ್ಲಿ ಹೇಳುವ ಎಲ್ಲ ಮಾತಿಗೂ ಆಧಾರವಾದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ: ಪರಿಹಾರದ ಹೋರಾಟವನ್ನು ಖುಲಾಸೆಯಾದ ಮೇಲೆ ನೋಡೋಣವೆಂದು ಮುಂದಕ್ಕೆ ಹಾಕಬಾರದು. ಮೇಲ್ಮನವಿ ಬರೆಯುವಾಗಲೇ ಅದರ ಅಡಿಪಾಯ ಬೀಳಬೇಕು, ಏಕೆಂದರೆ ಖುಲಾಸೆಯ ತೀರ್ಪಿನಲ್ಲಿ ಯಾವ ಮಾತುಗಳು ದಾಖಲಾಗುತ್ತವೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿರುತ್ತದೆ.

ಮೊದಲ ಹೆಜ್ಜೆ: ಶಿಕ್ಷೆಯ ತೀರ್ಪನ್ನು ರದ್ದುಪಡಿಸಿಕೊಳ್ಳುವುದು

ಶಿಕ್ಷೆ ಉಳಿದಿರುವವರೆಗೆ ಪರಿಹಾರದ ಮಾತೇ ಬರುವುದಿಲ್ಲ. ಸೆಷನ್ಸ್ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನಗಳಿವೆ, ಮರಣದಂಡನೆಯ ವಿರುದ್ಧವೂ ಅಷ್ಟೇ ಅವಧಿ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಜೈಲುಶಿಕ್ಷೆಗೊಳಗಾದವರಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಂ ಹೇಳುವುದರಿಂದ ಅದನ್ನು ಕೇಳಿ ಪಡೆಯಿರಿ. ಅವಧಿ ಮೀರಿದ್ದರೂ ಕೈಚೆಲ್ಲಬೇಕಾಗಿಲ್ಲ. ತಡವಾದುದಕ್ಕೆ ಸಕಾರಣ ತೋರಿಸಿ, ವಿಳಂಬ ಮನ್ನಿಸುವಂತೆ ಮೇಲ್ಮನವಿಯ ಜೊತೆಗೇ ಅರ್ಜಿ ಹಾಕಬಹುದು. ಜೈಲಿನಲ್ಲಿದ್ದು ವಕೀಲರಿಲ್ಲದವರು ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಲು 424ನೇ ಕಲಂ ಅವಕಾಶ ಕೊಡುತ್ತದೆ.

ಬಂಧನದಲ್ಲಿರುವ ಪ್ರತಿಯೊಬ್ಬರೂ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ಕಾನೂನು ನೆರವಿಗೆ ಅರ್ಹರು. ಕುಟುಂಬದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100 ಸಹಾಯವಾಣಿಗೆ ಕರೆ ಮಾಡಿ ನೆರವು ಕೇಳಬಹುದು. ಉಚಿತ ವಕೀಲರೆಂದರೆ ಅಸಡ್ಡೆಯಿಂದ ನೋಡುವುದು ರೂಢಿಯಾಗಿದೆಯಾದರೂ, ವಕೀಲರಿಲ್ಲದೆ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಆ ನೆರವನ್ನು ಬೇಗ ಪಡೆದು, ಅವರಿಗೆ ಕಡತವನ್ನು ಪೂರ್ಣವಾಗಿ ಒದಗಿಸುವುದು ಎಷ್ಟೋ ಮೇಲು.

ಮೇಲ್ಮನವಿಯ ಜೊತೆಗೆ ಶಿಕ್ಷೆ ಅಮಾನತಿನಲ್ಲಿಡುವ ಅರ್ಜಿಯನ್ನು (430ನೇ ಕಲಂ) ಹಾಕಬೇಕು. ವಿಚಾರಣೆಯ ನಂತರ ಹೊಸ ಸಾಕ್ಷ್ಯ ಸಿಕ್ಕಿದ್ದರೆ, ಉದಾಹರಣೆಗೆ ಡಿಎನ್‌ಎ ವರದಿ, ಮೊಬೈಲ್ ಕರೆಗಳ ವಿವರ, ಘಟನೆಯ ದಿನ ಬೇರೆಡೆ ಇದ್ದುದನ್ನು ತೋರಿಸುವ ಕಚೇರಿ ಅಥವಾ ಆಸ್ಪತ್ರೆಯ ದಾಖಲೆ ಇದ್ದರೆ, ಅದನ್ನು ಮೇಲ್ಮನವಿ ನ್ಯಾಯಾಲಯವೇ ತೆಗೆದುಕೊಳ್ಳುವಂತೆ 432ನೇ ಕಲಂ ಅಡಿ ಪ್ರತ್ಯೇಕ ಅರ್ಜಿ ಬೇಕು. ಆ ಸಾಕ್ಷ್ಯವನ್ನು ಮೊದಲೇ ಏಕೆ ಹಾಜರುಪಡಿಸಲಿಲ್ಲ ಎಂಬ ಪ್ರಶ್ನೆಗೆ ಅರ್ಜಿಯಲ್ಲೇ ಉತ್ತರವಿರಬೇಕು. ತನಿಖಾಧಿಕಾರಿಯ ಬಳಿ ಇದ್ದ ದಾಖಲೆಯನ್ನು ಆರೋಪಿಗೆ ಕೊಟ್ಟಿರಲಿಲ್ಲ ಎಂಬುದೇ ಆ ಉತ್ತರವಾಗಿದ್ದರೆ, ನಾಳೆ ಪರಿಹಾರ ಕೇಳುವಾಗಲೂ ನಿಮ್ಮ ಮುಖ್ಯ ಆಧಾರ ಅದೇ ಆಗುತ್ತದೆ.

ಹೈಕೋರ್ಟಿನಲ್ಲೂ ಶಿಕ್ಷೆ ಕಾಯಂ ಆದರೆ ಸಂವಿಧಾನದ 136ನೇ ವಿಧಿಯಡಿ 90 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಅದೂ ಸೋತರೆ 30 ದಿನಗಳೊಳಗೆ ಮರುಪರಿಶೀಲನಾ ಅರ್ಜಿ, ಕೊನೆಗೆ 2002ರ ರೂಪಾ ಅಶೋಕ್ ಹುರಾ ತೀರ್ಪಿನಿಂದ ಬಂದ ಕ್ಯುರೇಟಿವ್ ಅರ್ಜಿ (ಅಂತಿಮ ತೀರ್ಪಿನ ಗಂಭೀರ ತಪ್ಪು ತಿದ್ದುವಂತೆ ಕೇಳುವ ಕೊನೆಯ ಅರ್ಜಿ) ಉಳಿಯುತ್ತವೆ. ಮರುಪರಿಶೀಲನೆಯಲ್ಲಿ ಗೆಲ್ಲುವುದು ಅಪರೂಪವಾದರೂ ಅಸಾಧ್ಯವಲ್ಲ. ಅಪರಾಧ ನಡೆದಾಗ 18 ವರ್ಷ ತುಂಬಿರಲಿಲ್ಲ ಎಂಬ ವಾದವನ್ನು, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ, ಬಾಲನ್ಯಾಯ ಕಾಯ್ದೆಯ 9ನೇ ಕಲಂ ಅಡಿ ಎತ್ತಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ರಾಷ್ಟ್ರಪತಿ ಅಥವಾ ರಾಜ್ಯಪಾಲರ ಕ್ಷಮಾದಾನ, ಸನ್ನಡತೆಯ ಆಧಾರದ ಬಿಡುಗಡೆ, ಶಿಕ್ಷೆಯ ಕಡಿತ, ಇವು ವ್ಯಕ್ತಿಯನ್ನು ಹೊರಗೆ ತರುತ್ತವೆಯೇ ಹೊರತು ಆತ ನಿರಪರಾಧಿ ಎಂದು ಹೇಳುವುದಿಲ್ಲ. ಆದ್ದರಿಂದ ಬಿಡುಗಡೆ ಸಿಕ್ಕಿತೆಂದು ಬಾಕಿಯಿರುವ ಮೇಲ್ಮನವಿಯನ್ನು ಹಿಂತೆಗೆದುಕೊಳ್ಳಬೇಡಿ. ಎರಡನೆಯದಾಗಿ, ಮೇಲ್ಮನವಿ ಬಾಕಿ ಇರುವಾಗಲೇ ಶಿಕ್ಷಿತರು ತೀರಿಕೊಂಡರೆ, ತಂದೆ ತಾಯಿ, ಪತಿ ಅಥವಾ ಪತ್ನಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು ಇವರಲ್ಲಿ ಯಾರಾದರೂ 30 ದಿನಗಳೊಳಗೆ ಅನುಮತಿ ಕೇಳಿ ಅದನ್ನು ಮುಂದುವರಿಸಲು 435ನೇ ಕಲಂ ಅವಕಾಶ ನೀಡುತ್ತದೆ. ಸಾವಿನ ದುಃಖದಲ್ಲಿ ಈ 30 ದಿನಗಳು ಕಳೆದುಹೋದರೆ, ಸತ್ತವರ ಹೆಸರಿನ ಮೇಲಿನ ಕಳಂಕವನ್ನು ತೊಡೆಯುವ ದಾರಿ ಬಹಳ ಕಷ್ಟದ್ದಾಗುತ್ತದೆ.

ಎರಡನೆಯ ಹೆಜ್ಜೆ: ಪರಿಹಾರದ ಬೇಡಿಕೆಯನ್ನು ಮೇಲ್ಮನವಿಯೊಳಗೇ ಇಡುವುದು

ಸುಪ್ರೀಂ ಕೋರ್ಟಿನ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಹೆಜ್ಜೆಯ ಮಹತ್ವ ತಿಳಿಯುತ್ತದೆ.

ಗುಜರಾತಿನ ಅಕ್ಷರಧಾಮ ದೇವಾಲಯದ ಮೇಲಿನ ದಾಳಿ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದವರನ್ನು, ಅವರಲ್ಲಿ ಮರಣದಂಡನೆಗೆ ಗುರಿಯಾಗಿದ್ದವರೂ ಇದ್ದರು, ಸುಪ್ರೀಂ ಕೋರ್ಟ್ 2014ರ ಮೇ 16ರಂದು ಖುಲಾಸೆಗೊಳಿಸಿತು. ತನಿಖೆಯ ಬಗ್ಗೆ ಆ ತೀರ್ಪು ಕಟುವಾದ ಮಾತುಗಳನ್ನೇ ಆಡಿತು. ಆದರೆ ಪರಿಹಾರದ ಆದೇಶ ಅದರಲ್ಲಿ ಇರಲಿಲ್ಲ. ಖುಲಾಸೆಯಾದವರು ಪರಿಹಾರ ಕೋರಿ ಪ್ರತ್ಯೇಕವಾಗಿ ಬಂದಾಗ, ಖುಲಾಸೆಯಾದವರಿಗೆಲ್ಲ ಪರಿಹಾರ ಕೊಡುತ್ತ ಹೋದರೆ ಅದು ಅಪಾಯಕಾರಿ ಪೂರ್ವನಿದರ್ಶನವಾಗುತ್ತದೆ ಎಂಬ ನಿಲುವು ತಳೆದ ನ್ಯಾಯಾಲಯ, 2016ರಲ್ಲಿ ಆ ಬೇಡಿಕೆಯನ್ನು ಪುರಸ್ಕರಿಸಲಿಲ್ಲ.

ಇನ್ನೊಂದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಕೊಲೆಗಳ ಪ್ರಕರಣ. ಅಲೆಮಾರಿ ಸಮುದಾಯದ ಆರು ಮಂದಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಮರಣದಂಡನೆ ವಿಧಿಸಿತ್ತು. ದಾಳಿಯಲ್ಲಿ ಬದುಕುಳಿದ ಪ್ರತ್ಯಕ್ಷ ಸಾಕ್ಷಿ, ಪೊಲೀಸ್ ಕಡತದ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರೂ ಆ ದಿಕ್ಕಿನಲ್ಲಿ ತನಿಖೆ ನಡೆದಿರಲಿಲ್ಲ. ಮರುಪರಿಶೀಲನೆಯ ಹಂತದಲ್ಲಿ ತನ್ನದೇ ತೀರ್ಪನ್ನು ಹಿಂಪಡೆದ ನ್ಯಾಯಾಲಯ, 2019ರ ಮಾರ್ಚ್‌ನಲ್ಲಿ ಆರೂ ಮಂದಿಯನ್ನು ಖುಲಾಸೆಗೊಳಿಸಿ, ಅದೇ ತೀರ್ಪಿನಲ್ಲೇ ಪ್ರತಿಯೊಬ್ಬರಿಗೂ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ತಪ್ಪೆಸಗಿದ ಅಧಿಕಾರಿಗಳ ವಿರುದ್ಧ ಕ್ರಮ ಜರುಗಿಸುವಂತೆಯೂ ಸೂಚಿಸಿತು. ಮರಣದಂಡನೆಯ ನೆರಳಿನಲ್ಲಿ ಕಳೆದ ಆಯುಷ್ಯಕ್ಕೆ 5 ಲಕ್ಷ ಯಾವ ಅಳತೆಯಿಂದಲೂ ಸಾಲದು ಎಂದೇ ನಾನು ನಂಬಿದ್ದೇನೆ. ಆದರೂ ಸಾಕ್ಷ್ಯವನ್ನೆಲ್ಲ ಓದಿ, ತನಿಖೆಯ ಲೋಪವನ್ನು ಕಣ್ಣಾರೆ ಕಂಡ ಪೀಠವೇ ಪರಿಹಾರ ಕೊಡಲು ಅತ್ಯಂತ ಸೂಕ್ತವಾದ ಪೀಠ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾಗಿ ಮೇಲ್ಮನವಿಯ ಕೊನೆಯಲ್ಲಿ ಬರುವ ಪ್ರಾರ್ಥನೆಯಲ್ಲಿ (ನ್ಯಾಯಾಲಯದಿಂದ ಏನು ಕೋರುತ್ತೇವೆಂದು ಹೇಳುವ ಭಾಗ) 'ಶಿಕ್ಷೆಯನ್ನು ರದ್ದುಪಡಿಸಿ' ಎಂದು ಮಾತ್ರ ಬರೆಯಿಸಿ ನಿಲ್ಲಿಸಬೇಡಿ. 'ಮೇಲ್ಮನವಿದಾರರನ್ನು ಸುಳ್ಳು ಸಾಕ್ಷ್ಯದ ಆಧಾರದ ಮೇಲೆ ಸಿಲುಕಿಸಲಾಗಿದೆ ಎಂದು ಘೋಷಿಸಿ, ಸಂವಿಧಾನದ 21ನೇ ವಿಧಿಯ ಉಲ್ಲಂಘನೆಗಾಗಿ ರಾಜ್ಯವು ಸೂಕ್ತ ಪರಿಹಾರ ನೀಡುವಂತೆ ಆದೇಶಿಸಬೇಕು. ಪರ್ಯಾಯವಾಗಿ, ಪರಿಹಾರಕ್ಕಾಗಿ ಪ್ರತ್ಯೇಕವಾಗಿ ಸೂಕ್ತ ನ್ಯಾಯಾಲಯದ ಮೊರೆ ಹೋಗುವ ಹಕ್ಕನ್ನು ಕಾಯ್ದಿರಿಸಬೇಕು' ಎಂಬ ಅರ್ಥದ ವಾಕ್ಯಗಳನ್ನೂ ಸೇರಿಸುವಂತೆ ವಕೀಲರಲ್ಲಿ ಕೇಳಿಕೊಳ್ಳಿ. ಕೆಲವು ವಕೀಲರು, ಮೊದಲು ಬಿಡುಗಡೆಯಾಗಲಿ, ಪರಿಹಾರದ ಮಾತೆತ್ತಿದರೆ ನ್ಯಾಯಾಲಯಕ್ಕೆ ಬೇಸರವಾದೀತು ಎಂದು ಹಿಂಜರಿಯುತ್ತಾರೆ. ಅವರ ಅಳುಕು ನಿರಾಧಾರವೆಂದು ನಾನು ಹೇಳಲಾರೆ. ಆದರೆ ಪರ್ಯಾಯ ಪ್ರಾರ್ಥನೆಯೊಂದರಿಂದ ಮುಖ್ಯ ವಾದಕ್ಕೆ ಹಾನಿಯಾಗದಂತೆ ಬರೆಯುವುದು ಅನುಭವಿ ವಕೀಲರಿಗೆ ಕಷ್ಟವೇನಲ್ಲ.

ಮೂರನೆಯ ಹೆಜ್ಜೆ: ತೀರ್ಪು ಬಂದ ಕೂಡಲೇ ದಾಖಲೆ ಕೂಡಿಸುವುದು

ಖುಲಾಸೆಯ ತೀರ್ಪು ಬಂದ ವಾರದಲ್ಲೇ ಅದರ ದೃಢೀಕೃತ ನಕಲುಗಳಿಗೆ ಅರ್ಜಿ ಹಾಕಿ. ಒಂದಕ್ಕಿಂತ ಹೆಚ್ಚು ಪ್ರತಿ ಬೇಕಾಗುತ್ತದೆ. ಕೆಳಗಿನ ನ್ಯಾಯಾಲಯದ ತೀರ್ಪು, ಎಫ್‌ಐಆರ್, ದೋಷಾರೋಪ ಪಟ್ಟಿ, ಮಹಜರುಗಳು, ರಿಮ್ಯಾಂಡ್ ಅರ್ಜಿಗಳು, ಸಾಕ್ಷಿಗಳ ಹೇಳಿಕೆ ಮತ್ತು ಪಾಟೀಸವಾಲು, ತಿರಸ್ಕೃತವಾದ ಪ್ರತಿಯೊಂದು ಜಾಮೀನು ಅರ್ಜಿಯ ಆದೇಶ, ಇವೆಲ್ಲವೂ ಒಂದೇ ಕಡತದಲ್ಲಿರಬೇಕು. ನ್ಯಾಯಾಲಯದಲ್ಲಿ ಹಳೆಯ ಕಡತಗಳನ್ನು ನಿಗದಿತ ಅವಧಿಯ ನಂತರ ನಾಶಪಡಿಸುವ ಪದ್ಧತಿ ಇರುವುದರಿಂದ ಇದರಲ್ಲಿ ತಡಮಾಡುವಂತಿಲ್ಲ.

ಇವುಗಳಷ್ಟೇ ಮುಖ್ಯವಾದರೂ ಹೆಚ್ಚಿನವರು ಮರೆಯುವ ಕಾಗದವೆಂದರೆ ಜೈಲಿನ ನಾಮಿನಲ್ ರೋಲ್. ಯಾವ ದಿನ ಒಳಗೆ ಬಂದರು, ಎಷ್ಟು ಕಾಲ ವಿಚಾರಣಾಧೀನ ಕೈದಿಯಾಗಿದ್ದರು, ಯಾವಾಗಿನಿಂದ ಶಿಕ್ಷಾಬಂದಿಯಾದರು, ಪೆರೋಲ್ ಮೇಲೆ ಎಷ್ಟು ದಿನ ಹೊರಗಿದ್ದರು ಎಂಬುದೆಲ್ಲ ಅದರಲ್ಲಿ ಒಂದೇ ಕಡೆ ಇರುತ್ತದೆ. ಪರಿಹಾರ ಕೇಳುವಾಗ 'ಹತ್ತಾರು ವರ್ಷ' ಎನ್ನುವ ಬದಲು ವರ್ಷ, ತಿಂಗಳು, ದಿನಗಳ ಲೆಕ್ಕ ಕೊಡಲು ಇದೇ ಆಧಾರ. ಜೊತೆಗೆ ಜೈಲಿನ ಆಸ್ಪತ್ರೆಯ ಚಿಕಿತ್ಸಾ ದಾಖಲೆ, ಅಲ್ಲಿ ದುಡಿದ ಕೂಲಿಯ ಲೆಕ್ಕ, ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿದ ಆದೇಶಗಳನ್ನು ಕೇಳಿ. ಕೊಡಲು ಸತಾಯಿಸಿದರೆ 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಲೇಬೇಕು.

ತೀರ್ಪು ಕೈಗೆ ಬಂದ ಮೇಲೆ ಅದನ್ನು ಪೆನ್ಸಿಲ್ ಹಿಡಿದು ಓದಿ. ನ್ಯಾಯಾಲಯವು ಅಧಿಕಾರಿಗಳ ನಡವಳಿಕೆಯ ಬಗ್ಗೆ ಏನು ಹೇಳಿದೆ ಎಂಬುದನ್ನು ಪ್ಯಾರಾ ಸಂಖ್ಯೆಯೊಡನೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ವಶಪಡಿಸಿಕೊಂಡ ವಸ್ತು ಸೃಷ್ಟಿಸಿದ್ದೆಂದು ಹೇಳಿದೆಯೇ, ಪಂಚರು ಸಹಿಯಷ್ಟೇ ಹಾಕಿದ್ದರೆಂದು ಕಂಡುಕೊಂಡಿದೆಯೇ, ಹೊಡೆದು ತಪ್ಪೊಪ್ಪಿಗೆ ಪಡೆದರೆಂದಿದೆಯೇ, ಅನುಕೂಲಕರ ವಿಧಿವಿಜ್ಞಾನ ವರದಿಯನ್ನು ಮುಚ್ಚಿಟ್ಟರೆಂದಿದೆಯೇ? ಇಂಥ ಒಂದೊಂದು ವಾಕ್ಯವೂ ಪರಿಹಾರದ ಅರ್ಜಿಗೆ ಆಧಾರ. ತೀರ್ಪು ಬರೀ 'ಸಂಶಯದ ಲಾಭ ಕೊಟ್ಟು ಬಿಡುಗಡೆ' ಎಂದು ನಿಂತಿದ್ದರೆ ದಾರಿ ಕಿರಿದಾಗುತ್ತದೆ. ಆಗ ವಿಚಾರಣೆಯ ಮೂಲ ದಾಖಲೆಗಳಿಂದಲೇ, ಅಧಿಕಾರಿಗಳ ಕೃತ್ಯ ಪ್ರಾಮಾಣಿಕ ತಪ್ಪಲ್ಲ, ಉದ್ದೇಶಪೂರ್ವಕ ಅಥವಾ ಅತಿಯಾದ ನಿರ್ಲಕ್ಷ್ಯ ಎಂದು ನೀವೇ ತೋರಿಸಬೇಕಾಗುತ್ತದೆ. ನ್ಯಾಯಾಧೀಶರು ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ತೂಗಿ ತಪ್ಪು ನಿರ್ಣಯಕ್ಕೆ ಬಂದರೆಂಬ ಒಂದೇ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ. 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆ ಇರುವುದರಿಂದ ತೀರ್ಪು ಕೊಟ್ಟುದಕ್ಕಾಗಿ ಅವರ ಮೇಲೆ ದಾವೆ ಹೂಡುವಂತೆಯೂ ಇಲ್ಲ. ಹೊಣೆಗಾರರನ್ನು ಹುಡುಕಬೇಕಾದದ್ದು ತನಿಖೆ ಮತ್ತು ಅಭಿಯೋಜನೆಯ (ಸರ್ಕಾರದ ಪರ ಮೊಕದ್ದಮೆ ನಡೆಸುವವರ) ಕಡೆಯಲ್ಲಿ.

ಖುಲಾಸೆಯ ವಿರುದ್ಧ ಸರ್ಕಾರ ಮೇಲಿನ ನ್ಯಾಯಾಲಯಕ್ಕೆ ಹೋಗಿದೆಯೇ ಎಂಬುದನ್ನೂ ಇ-ಕೋರ್ಟ್ಸ್ ಜಾಲತಾಣದಲ್ಲಿ ಮತ್ತು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಆಗಾಗ ನೋಡುತ್ತಿರಿ.

ನಾಲ್ಕನೆಯ ಹೆಜ್ಜೆ: ನಷ್ಟದ ಲೆಕ್ಕ ಬರೆಯುವುದು

ಪರಿಹಾರಕ್ಕೆ ನಿಗದಿತ ಸೂತ್ರವಿಲ್ಲದ ಕಾರಣ ನ್ಯಾಯಾಲಯಗಳು ಕೊಟ್ಟ ಮೊತ್ತಗಳ ನಡುವೆ ಅಗಾಧ ಅಂತರವಿದೆ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಕೊಡಿಸಿತು. ಅವರು ಶಿಕ್ಷೆಗೊಳಗಾದವರಲ್ಲ, 1994ರಲ್ಲಿ ಸುಳ್ಳು ಬೇಹುಗಾರಿಕೆ ಆರೋಪದಲ್ಲಿ ಬಂಧಿತರಾದವರು. ಕೊಲೆಯಾಗಿದ್ದಾಳೆ ಎನ್ನಲಾದ ಪತ್ನಿ ಜೀವಂತವಾಗಿ ಪತ್ತೆಯಾದ ಪ್ರಕರಣದಲ್ಲಿ, ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿ ಕಳೆದ ಪತಿಗೆ ಮೈಸೂರಿನ ಸೆಷನ್ಸ್ ನ್ಯಾಯಾಲಯ 2025ರಲ್ಲಿ 1 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಈ ಅಂತರಕ್ಕೆ ಹಲವು ಕಾರಣಗಳಿರಬಹುದು, ಆದರೆ ನಷ್ಟವನ್ನು ಎಷ್ಟು ಸ್ಪಷ್ಟವಾಗಿ ತೋರಿಸಲಾಯಿತು ಎಂಬುದು ಮಾತ್ರ ಅರ್ಜಿದಾರರ ಕೈಯಲ್ಲಿರುವ ಸಂಗತಿ.

ಮೊದಲು ದುಡ್ಡಿನಲ್ಲಿ ಎಣಿಸಬಹುದಾದ ನಷ್ಟವನ್ನು ಬರೆಯಿರಿ: ಬಂಧನದ ಹಿಂದಿನ ಸಂಬಳದ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್ ಆಧರಿಸಿ ಕಳೆದುಹೋದ ದುಡಿಮೆ, ಪಾಳು ಬಿದ್ದ ಜಮೀನಿನ ಆದಾಯ ಇದ್ದರೆ ಪಹಣಿಯೊಡನೆ ಅದರ ಅಂದಾಜು, ವಕೀಲರ ಶುಲ್ಕ, ಅದಕ್ಕಾಗಿ ಮಾಡಿದ ಸಾಲ ಮತ್ತು ಬಡ್ಡಿ, ಮಾರಿದ ಆಸ್ತಿಯ ಕ್ರಯಪತ್ರ, ಜೈಲಿನ ಭೇಟಿಗೆ ಕುಟುಂಬದವರು ಮಾಡಿದ ಪ್ರಯಾಣದ ಖರ್ಚು, ಚಿಕಿತ್ಸೆಯ ಬಿಲ್ಲುಗಳು. ಬಿಲ್ಲು ಇಲ್ಲದಿದ್ದರೆ ಪ್ರಮಾಣಪತ್ರದಲ್ಲಿ ವಿವರಿಸಿ, ಸಾಲ ಕೊಟ್ಟವರಿಂದ ಅಥವಾ ಆಗಿನ ಮಾಲೀಕರಿಂದ ಹೇಳಿಕೆ ಪಡೆಯಬಹುದು. ಕೂಲಿ ಕಾರ್ಮಿಕರಾಗಿದ್ದವರಿಗೆ ಆಯಾ ವರ್ಷ ಸರ್ಕಾರ ಪ್ರಕಟಿಸಿದ ಕನಿಷ್ಠ ವೇತನದ ದರವೇ ಒಳ್ಳೆಯ ಅಳತೆಗೋಲು.

ಎಣಿಸಲಾಗದ ನಷ್ಟವನ್ನೂ ಬಿಡಬಾರದು, ಕಾನೂನು ಆಯೋಗದ ವರದಿಯೂ ಈ ಎರಡು ಬಗೆಯ ನಷ್ಟವನ್ನು ಗುರುತಿಸಿದೆ. 'ತುಂಬಾ ನೋವಾಯಿತು' ಎಂಬ ಸಾಮಾನ್ಯ ಮಾತಿಗಿಂತ, ತಾಯಿಯ ಅಂತ್ಯಕ್ರಿಯೆಗೆ ಪೆರೋಲ್ ಕೇಳಿ ಹಾಕಿದ ಅರ್ಜಿ ತಿರಸ್ಕೃತವಾದ ಆದೇಶ, ಮಗಳು ಶಾಲೆ ಬಿಟ್ಟ ವರ್ಷದ ವರ್ಗಾವಣೆ ಪತ್ರ, ಮುರಿದುಬಿದ್ದ ಮದುವೆಯ ಡಿಕ್ರಿ, ಮನೋವೈದ್ಯರ ವರದಿ ಹೆಚ್ಚು ಹೇಳುತ್ತವೆ. ಮನೋವೈದ್ಯರ ಬಳಿ ಹೋಗುವುದನ್ನು ಬರಿಯ ಕಾಗದಕ್ಕಾಗಿ ಮಾಡಬೇಡಿ. ದೀರ್ಘ ಸೆರೆವಾಸದ ನಂತರ ನಿದ್ರೆ ಬಾರದಿರುವುದು, ಬಾಗಿಲು ಬಡಿದ ಸದ್ದಿಗೆ ಬೆಚ್ಚುವುದು, ಮನೆಯವರೊಡನೆ ಮಾತು ಹೊರಡದಿರುವುದು ಚಿಕಿತ್ಸೆಗೆ ಸ್ಪಂದಿಸುವ ತೊಂದರೆಗಳು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಐದನೆಯ ಹೆಜ್ಜೆ: ಯಾವ ನ್ಯಾಯಾಲಯ, ಯಾವ ಅರ್ಜಿ

ಖುಲಾಸೆ ಮಾಡಿದ ನ್ಯಾಯಾಲಯ ಪರಿಹಾರ ಕೊಡದಿದ್ದರೆ, ಮುಖ್ಯವಾದ ದಾರಿ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ, ಅಂದರೆ ಹಕ್ಕಿನ ಉಲ್ಲಂಘನೆಗಾಗಿ ಸರ್ಕಾರಕ್ಕೆ ಆದೇಶ ನೀಡುವಂತೆ ನೇರವಾಗಿ ಕೇಳುವ ಅರ್ಜಿ. ಇದರ ಮೂಲ 1983ರ ರುದುಲ್ ಸಾಹ್ ತೀರ್ಪು. ಬಿಹಾರದ ಆ ವ್ಯಕ್ತಿಯನ್ನು ಸೆಷನ್ಸ್ ನ್ಯಾಯಾಲಯ 1968ರಲ್ಲೇ ಖುಲಾಸೆ ಮಾಡಿದ್ದರೂ ಜೈಲಿನಿಂದ ಬಿಟ್ಟದ್ದು 1982ರಲ್ಲಿ. ಸರ್ಕಾರ ಅದಾಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟ್, ಹೆಚ್ಚಿನ ಮೊತ್ತಕ್ಕೆ ದಾವೆ ಹೂಡಲು ಅಡ್ಡಿಯಿಲ್ಲವೆಂದೂ ಹೇಳಿತು. 1993ರ ನೀಲಬತಿ ಬೆಹೆರಾ ತೀರ್ಪು ಇನ್ನೂ ಮುಂದೆ ಹೋಗಿ, ಮೂಲಭೂತ ಹಕ್ಕಿನ ಉಲ್ಲಂಘನೆಗಾಗಿ ಪರಿಹಾರ ಕೇಳಿದಾಗ ಸಾರ್ವಭೌಮ ವಿನಾಯಿತಿಯ (ಆಳುವ ಅಧಿಕಾರದಿಂದ ಮಾಡಿದ ಕೃತ್ಯಕ್ಕೆ ಸರ್ಕಾರವನ್ನು ಹೊಣೆ ಮಾಡುವಂತಿಲ್ಲ ಎಂಬ ವಾದದ) ರಕ್ಷಣೆ ಸರ್ಕಾರಕ್ಕೆ ಸಿಗುವುದಿಲ್ಲವೆಂದು ಸ್ಪಷ್ಟಪಡಿಸಿತು. ಸರ್ಕಾರದ ವಕೀಲರು ಈ ಹಳೆಯ ವಾದವನ್ನು ಈಗಲೂ ಎತ್ತಬಹುದಾದ್ದರಿಂದ ಈ ತೀರ್ಪು ನಿಮ್ಮ ಅರ್ಜಿಯಲ್ಲಿ ಇರಲೇಬೇಕು.

ರಿಟ್ ಹಾಕುವ ಮೊದಲು ರಾಜ್ಯದ ಗೃಹ ಇಲಾಖೆಗೆ ಪರಿಹಾರ ಕೋರಿ ಒಂದು ಮನವಿ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ ಅದನ್ನೂ ಅರ್ಜಿಯ ಜೊತೆ ಲಗತ್ತಿಸಬಹುದು. ಕರ್ನಾಟಕದಲ್ಲಿ ನಿಮ್ಮ ಜಿಲ್ಲೆಗೆ ಅನುಗುಣವಾಗಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಅರ್ಜಿ ಸಲ್ಲಿಸಬೇಕು. ರಿಟ್‌ಗೆ ಕಟ್ಟುನಿಟ್ಟಾದ ಕಾಲಮಿತಿ ಇಲ್ಲವಾದರೂ ವಿವರಣೆಯಿಲ್ಲದ ವಿಳಂಬವನ್ನು ನ್ಯಾಯಾಲಯಗಳು ಸಹಿಸುವುದಿಲ್ಲ. ಸಾಕ್ಷ್ಯ ವಿಚಾರಣೆ ಬೇಕಾಗುವಂಥ ವಿವಾದಿತ ಸಂಗತಿಗಳಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಹೈಕೋರ್ಟ್ ಹೇಳುವ ಸಾಧ್ಯತೆ ಇರುವುದರಿಂದ, ಅರ್ಜಿಯನ್ನು ಖುಲಾಸೆಯ ತೀರ್ಪಿನಲ್ಲಿ ಈಗಾಗಲೇ ಸಾಬೀತಾದ ಅಂಶಗಳ ಮೇಲೆಯೇ ಕಟ್ಟುವುದು ಜಾಣತನ.

ಸಿವಿಲ್ ದಾವೆಯ ದಾರಿ ಹಿಡಿಯುವುದಾದರೆ ದಿನಾಂಕದ ಬಗ್ಗೆ ಮೈಯೆಲ್ಲ ಕಣ್ಣಾಗಿರಬೇಕು. ದುರುದ್ದೇಶದ ಮೊಕದ್ದಮೆಗಾಗಿ ಪರಿಹಾರ ಕೋರುವ ದಾವೆಗೆ 1963ರ ಕಾಲಮಿತಿ ಕಾಯ್ದೆ ಕೊಟ್ಟಿರುವುದು ಒಂದೇ ವರ್ಷ. ಅಕ್ರಮ ಸೆರೆವಾಸಕ್ಕಾಗಿ ಹೂಡುವ ದಾವೆಗೆ ಸೆರೆ ಮುಗಿದ ದಿನದಿಂದ ಒಂದು ವರ್ಷ. ಮೊದಲನೆಯದನ್ನು ಖುಲಾಸೆಯ ದಿನದಿಂದಲೇ ಎಣಿಸಿಕೊಳ್ಳುವುದು ಸುರಕ್ಷಿತ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಅಡಿ ಎರಡು ತಿಂಗಳ ನೋಟಿಸ್ ಕೊಡಬೇಕು, ಈ ಎರಡು ತಿಂಗಳು ಕಾಲಮಿತಿಯ ಲೆಕ್ಕದಿಂದ ಹೊರಗುಳಿಯುತ್ತವೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸ್ ಅಧಿಕಾರಿಯ ಮೇಲೆ ದಾವೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆನ್ನುತ್ತದೆ. ಅದು ನಿಮ್ಮ ಪ್ರಕರಣಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರಿಂದ ಮೊದಲ ಭೇಟಿಯಲ್ಲೇ ಖಚಿತಪಡಿಸಿಕೊಳ್ಳಿ. ದಾವೆಯಲ್ಲಿ ನಾಲ್ಕು ಅಂಶಗಳನ್ನು ಸಾಬೀತುಪಡಿಸಬೇಕು: ಪ್ರತಿವಾದಿಯೇ ಮೊಕದ್ದಮೆ ನಡೆಯಲು ಕಾರಣರೆಂದು, ಅದು ನಿಮ್ಮ ಪರವಾಗಿ ಮುಗಿಯಿತೆಂದು, ಅದಕ್ಕೆ ಸಮಂಜಸ ಕಾರಣವಿರಲಿಲ್ಲವೆಂದು, ದುರುದ್ದೇಶವಿತ್ತೆಂದು. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಏರುತ್ತದೆ. ಕಟ್ಟಲು ಶಕ್ತಿಯಿಲ್ಲದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದ ಅಡಿ ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೇಳಬಹುದು.

ರಾಷ್ಟ್ರೀಯ ಅಥವಾ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವೂ ಬೇಡ, ವಕೀಲರೂ ಬೇಡ. ನಂಬಿ ನಾರಾಯಣನ್ ಅವರಿಗೆ 10 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಆಯೋಗ 2001ರಲ್ಲೇ ಹೇಳಿತ್ತು. ಆದರೆ ಆಯೋಗ ಮಾಡುವುದು ಶಿಫಾರಸು ಮಾತ್ರ. ಮೇಲಾಗಿ ಉಲ್ಲಂಘನೆ ನಡೆದು ಒಂದು ವರ್ಷ ಕಳೆದ ಮೇಲೆ ಅದು ವಿಚಾರಣೆ ನಡೆಸುವಂತಿಲ್ಲ. ಹಾಗಾಗಿ ಅಕ್ರಮ ಬಂಧನ ಅಥವಾ ಠಾಣೆಯಲ್ಲಿನ ಹಿಂಸೆಯ ದೂರನ್ನು ಆ ಘಟನೆ ನಡೆದಾಗಲೇ ಕುಟುಂಬದವರು ಕೊಟ್ಟಿದ್ದರೆ ಹೆಚ್ಚು ಪ್ರಯೋಜನ. ಇನ್ನು ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಂ, ಕಾರಣವಿಲ್ಲದೆ ಬಂಧಿಸಲ್ಪಟ್ಟವರಿಗೆ ಗರಿಷ್ಠ 1,000 ರೂಪಾಯಿ ಕೊಡಿಸುತ್ತದೆ. ಇಂದಿನ ದಿನಗಳಲ್ಲಿ ಆ ಮೊತ್ತ ಅನ್ಯಾಯಕ್ಕೊಳಗಾದವರಿಗೆ ಮಾಡಿದ ಅವಮಾನವೇ ಸರಿ.

ತಪ್ಪು ಮಾಡಿದವರ ಮೇಲಿನ ಕ್ರಮ

ಹಣದಷ್ಟೇ, ಕೆಲವರಿಗೆ ಹಣಕ್ಕಿಂತಲೂ ಹೆಚ್ಚಾಗಿ, ತಮ್ಮನ್ನು ಸಿಲುಕಿಸಿದವರು ಉತ್ತರ ಕೊಡಬೇಕೆಂಬುದು ಮುಖ್ಯವಾಗಿರುತ್ತದೆ. 2014ರ ಕಿಶನ್‌ಭಾಯಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿಯೊಂದು ಪ್ರತಿಯೊಂದು ಖುಲಾಸೆಯ ಆದೇಶವನ್ನೂ ಪರಿಶೀಲಿಸಿ, ಲೋಪವೆಸಗಿದ ಅಧಿಕಾರಿಗಳನ್ನು ಗುರುತಿಸಬೇಕೆಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ನಿಮ್ಮ ಪ್ರಕರಣವನ್ನು ಆ ಸಮಿತಿ ಪರಿಶೀಲಿಸಿದೆಯೇ, ಏನು ನಿರ್ಣಯಿಸಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ. ಸುಳ್ಳು ಸಾಕ್ಷ್ಯ ನುಡಿದವರ ವಿರುದ್ಧ ಖಾಸಗಿಯಾಗಿ ನೇರ ದೂರು ಹಾಕಲಾಗದು. ಸಾಕ್ಷ್ಯ ನುಡಿದ ನ್ಯಾಯಾಲಯವೇ ದೂರು ಸಲ್ಲಿಸುವಂತೆ ನಾಗರಿಕ ಸುರಕ್ಷಾ ಸಂಹಿತೆಯ 379ನೇ ಕಲಂ ಅಡಿ ಅರ್ಜಿ ಕೊಡಬೇಕು. ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಸರ್ಕಾರದ ಅನುಮತಿ (218ನೇ ಕಲಂ) ಬೇಕಾಗುತ್ತದೆ. 2024ರ ಜುಲೈಗಿಂತ ಹಿಂದಿನ ಕೃತ್ಯಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಇಲಾಖಾ ಕ್ರಮಕ್ಕಾಗಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಹೋಗಬಹುದು.

ಹೆಸರು, ಕೆಲಸ ಮತ್ತು ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು

ಖುಲಾಸೆಯಾದರೂ ಠಾಣೆಯ ಕಡತದಲ್ಲಿ ಹಳೆಯ ನಮೂದು ಉಳಿದಿರುವುದು ಸಾಮಾನ್ಯ. ತೀರ್ಪಿನ ಪ್ರತಿಯೊಡನೆ ಪೊಲೀಸ್ ವರಿಷ್ಠಾಧಿಕಾರಿಗೆ ಅಥವಾ ಕಮಿಷನರಿಗೆ ಪತ್ರ ಬರೆದು ದಾಖಲೆ ತಿದ್ದಲು, ರೌಡಿ ಹಾಳೆ ತೆರೆದಿದ್ದರೆ ಅದನ್ನು ಮುಚ್ಚಲು ಕೇಳಿ. ಬೆರಳಚ್ಚು ಮುಂತಾದ ಅಳತೆಗಳ ದಾಖಲೆಯನ್ನು, ಹಿಂದೆ ಬೇರೆ ಶಿಕ್ಷೆಯಾಗಿಲ್ಲದವರು ಅಂತಿಮವಾಗಿ ಖುಲಾಸೆಯಾದ ಮೇಲೆ, ನ್ಯಾಯಾಲಯ ಬೇರೆ ರೀತಿ ಹೇಳದಿದ್ದರೆ, ನಾಶಪಡಿಸಬೇಕೆಂದು 2022ರ ದಂಡ ಪ್ರಕ್ರಿಯಾ (ಗುರುತಿಸುವಿಕೆ) ಕಾಯ್ದೆಯ 4ನೇ ಕಲಂ ಹೇಳುತ್ತದೆ. ಕಟ್ಟಿದ ದಂಡದ ಮೊತ್ತ ಮತ್ತು ಜಪ್ತಿಯಾದ ವಸ್ತುಗಳನ್ನು ಹಿಂಪಡೆಯಲು ವಿಚಾರಣಾ ನ್ಯಾಯಾಲಯದಲ್ಲಿ ಅರ್ಜಿ ಹಾಕಿ.

ಶಿಕ್ಷೆಯ ಕಾರಣಕ್ಕೆ ಸರ್ಕಾರಿ ನೌಕರಿಯಿಂದ ವಜಾ ಆಗಿದ್ದರೆ, ಖುಲಾಸೆಯ ತೀರ್ಪನ್ನು ಲಗತ್ತಿಸಿ ಮರುನೇಮಕಕ್ಕೆ ಲಿಖಿತ ಮನವಿ ಕೊಡಬೇಕು. ಇಲ್ಲಿಯೂ ಗೌರವಪೂರ್ವಕ ಖುಲಾಸೆಗೂ ಸಂಶಯದ ಲಾಭದ ಖುಲಾಸೆಗೂ ಇಲಾಖೆಗಳು ವ್ಯತ್ಯಾಸ ಮಾಡುತ್ತವೆ, ಮತ್ತು ಹಿಂಬಾಕಿ ಸಂಬಳ ತಾನಾಗಿ ಬರುವುದಿಲ್ಲ. ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ ನಮೂನೆಯಲ್ಲಿ ಪ್ರಕರಣದ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ಕೆಲಸ ಕಳೆದುಕೊಳ್ಳಲು ಕಾರಣವಾಗಬಹುದೆಂಬುದು 2016ರ ಅವತಾರ್ ಸಿಂಗ್ ತೀರ್ಪಿನಿಂದ ತಿಳಿಯುತ್ತದೆ. ಬಂಧನದ ಸುದ್ದಿ ಪ್ರಕಟಿಸಿದ ಪತ್ರಿಕೆ, ವಾಹಿನಿಗಳಿಗೆ ಖುಲಾಸೆಯ ಸುದ್ದಿಯನ್ನೂ ಅಷ್ಟೇ ಎದ್ದುಕಾಣುವಂತೆ ಪ್ರಕಟಿಸಲು ತೀರ್ಪಿನೊಡನೆ ಬರೆಯಿರಿ.

ಪರಿಹಾರದ ಆದೇಶ ಬಂದ ಮೇಲೆ

ಆದೇಶದ ದೃಢೀಕೃತ ನಕಲನ್ನು ಕವರಿಂಗ್ ಪತ್ರದೊಡನೆ ಗೃಹ ಇಲಾಖೆಗೆ ಕೂಡಲೇ ತಲುಪಿಸಿ. ಬ್ಯಾಂಕ್ ಖಾತೆಯ ವಿವರವನ್ನು ಅದರಲ್ಲೇ ಕೊಡಿ; ವರ್ಷಗಳಿಂದ ವಹಿವಾಟಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ ಮೊದಲು ಕೆವೈಸಿ ಮಾಡಿಸಿ ಚಾಲ್ತಿಗೆ ತನ್ನಿ. ನ್ಯಾಯಾಲಯ ಗಡುವು ಹೇಳಿದ್ದು, ಅದು ಮೀರಿದರೂ ಹಣ ಬಾರದಿದ್ದರೆ, ನೆನಪೋಲೆ ಬರೆದು ಕಾಯುತ್ತ ಕೂರಬೇಡಿ. ನ್ಯಾಯಾಂಗ ನಿಂದನೆಯ ಅರ್ಜಿಯನ್ನು ಉಲ್ಲಂಘನೆಯಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಸಿವಿಲ್ ದಾವೆಯ ಡಿಕ್ರಿಯಾಗಿದ್ದರೆ ಅಮಲ್ಜಾರಿ ಅರ್ಜಿಗೆ (ಅದನ್ನು ಜಾರಿಗೊಳಿಸುವಂತೆ ಕೇಳುವ ಅರ್ಜಿ) 12 ವರ್ಷಗಳ ಅವಕಾಶವಿದೆ. ಸಿಕ್ಕ ಮೊತ್ತ ತೀರಾ ಕಡಿಮೆಯೆನಿಸಿದರೆ ಅದನ್ನು ಹಕ್ಕು ಕಾಯ್ದಿರಿಸಿಕೊಂಡು ಸ್ವೀಕರಿಸುತ್ತಿರುವುದಾಗಿ ಲಿಖಿತವಾಗಿ ತಿಳಿಸಿ, ಹೆಚ್ಚಳಕ್ಕಾಗಿ ಮೇಲ್ಮನವಿ ಸಲ್ಲಿಸಬಹುದು. ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ರಿಟ್ ಅರ್ಜಿಯಲ್ಲಿ ಕೊಟ್ಟ ಆದೇಶವಾಗಿದ್ದರೆ ಅದು ವಿಭಾಗೀಯ ಪೀಠದ ಮುಂದೆ ರಿಟ್ ಮೇಲ್ಮನವಿಯಾಗಿ ಹೋಗುತ್ತದೆ, ಮತ್ತು ಅದಕ್ಕಿರುವ ಅವಧಿ ಚಿಕ್ಕದಾದ್ದರಿಂದ ಆದೇಶ ಬಂದ ವಾರದಲ್ಲೇ ವಕೀಲರನ್ನು ಕಂಡು ತೀರ್ಮಾನಿಸಬೇಕು.